ಹದಿಮೂರು ಇಂಚಿನ ಚಕ್ರದ ಹಳೆಯ ಸ್ಪೋರ್ಟ್ಸ್ ಕಾರಿಗೆ ಟೈರು ಹುಡುಕುವ ಬಗೆ

ಎಂಜಿ ಮಿಡ್ಜೆಟ್, ಆಸ್ಟಿನ್-ಹೀಲಿ ಸ್ಪ್ರೈಟ್, ಟ್ರಯಂಫ್ ಸ್ಪಿಟ್‌ಫೈರ್, ಮದ್ರಾಸಿನಲ್ಲಿ ತಯಾರಾದ ಸ್ಟ್ಯಾಂಡರ್ಡ್ ಹೆರಾಲ್ಡ್ ಇವೆಲ್ಲದರ ಚಕ್ರ 13 ಇಂಚಿನದು. ಎಂಜಿಬಿಯದು 14. ಮೊದಲ ಕಾಲದ ಮಿನಿಯದು ಬರೀ 10. ಮುಂಬೈ, ಪುಣೆಯ ಯಾವುದೇ ಟೈರಿನ ಅಂಗಡಿಯಲ್ಲಿ ಈ ಕಾರುಗಳ ಹೆಸರು ಹೇಳಿದರೆ ಸಿಗುವ ಮೊದಲ ಉತ್ತರ ‘ಯೇ ಸೈಜ್ ಅಬ್ ನಹೀ ಆತಾ, ಸಾಬ್’. ಅದು ಅರ್ಧ ಮಾತ್ರ ನಿಜ. ಕಾರಿನ ಹೆಸರು ಬಿಟ್ಟು ಟೈರಿನ ಅಳತೆ ಹೇಳಿದರೆ ಅದೇ ಅಂಗಡಿಯ ಅಟ್ಟದಿಂದ ಟೈರು ಕೆಳಗಿಳಿಯುತ್ತದೆ. ಈ ಅಳತೆಗಳಲ್ಲಿ ಹಲವು ಈಗಲೂ ರಸ್ತೆಯಲ್ಲಿ ಓಡಾಡುವ ಮಾರುತಿ, ರೆನೋ ಕಾರುಗಳಲ್ಲೂ ಇವೆ.

ನಮ್ಮ ಅಭಿಪ್ರಾಯವನ್ನು ಮೊದಲೇ ಹೇಳುತ್ತೇವೆ. ಸರಿಯಾದ ಅಳತೆಯ, ಆರು ತಿಂಗಳ ಹಿಂದೆ ತಯಾರಾದ ಸಾಧಾರಣ ಟೈರು, ಎಂಟು ವರ್ಷ ಗೋದಾಮಿನಲ್ಲಿ ಕೂತ ಹೆಸರಾಂತ ಟೈರಿಗಿಂತ ಎಷ್ಟೋ ಮೇಲು. 700 ಕಿಲೋ ಆಸುಪಾಸಿನ ಹಗುರ ಕಾರಿಗೆ ಇದು ಇನ್ನೂ ನಿಜ. ಟೈರಿನ ರಬ್ಬರು ಹಿಡಿತ ಕೊಡಬೇಕಾದರೆ ಅದು ಬಾಗಬೇಕು, ಬಿಸಿಯಾಗಬೇಕು. ಗಟ್ಟಿಯಾದ ರಬ್ಬರನ್ನು ಬಾಗಿಸುವಷ್ಟು ತೂಕ ಈ ಕಾರುಗಳಲ್ಲಿಲ್ಲ. ಭಾರದ ಸೆಡಾನಿನಲ್ಲಿ ಹೇಗೋ ನಡೆದುಹೋಗುವ ಹಳೆಯ ಟೈರು ಮಿಡ್ಜೆಟ್‌ನಲ್ಲಿ ಮೊದಲ ಮಳೆಗೇ ಜಾರುತ್ತದೆ.

ಅಂಗಡಿಗೆ ಹೋಗುವ ಮುಂಚೆ ಅಳೆಯಬೇಕಾದದ್ದು

ಈಗ ಕಾರಿನಲ್ಲಿರುವ ಟೈರಿನ ಅಳತೆಯನ್ನು ನಂಬಬೇಡಿ. ಐವತ್ತು ವರ್ಷದಲ್ಲಿ ಯಾವ ಯಜಮಾನರು ಏನು ಹಾಕಿಸಿದ್ದಾರೋ ಗೊತ್ತಿಲ್ಲ. ಒಂದು ಚಕ್ರ ಬಿಚ್ಚಿ ರಿಮ್ಮನ್ನೇ ಅಳೆಯಿರಿ.

ರಿಮ್ಮಿನ ಅಗಲವನ್ನು ಹೊರ ಅಂಚಿನಿಂದ ಹೊರ ಅಂಚಿಗೆ ಅಳೆಯುವುದು ಸಾಮಾನ್ಯ ತಪ್ಪು. ಹಾಗೆ ಅಳೆದರೆ ಸುಮಾರು ಒಂದು ಇಂಚು ಹೆಚ್ಚು ಬರುತ್ತದೆ. ಟೈರಿನ ಬೀಡ್ (ರಿಮ್ಮನ್ನು ಹಿಡಿದುಕೊಳ್ಳುವ ಗಟ್ಟಿ ಅಂಚು) ಕೂರುವ ಜಾಗದಲ್ಲಿ, ಎರಡು ಅಂಚುಗಳ ಒಳಮೈಗಳ ನಡುವೆ ಅಳೆಯಬೇಕು. 89 ಮಿಲಿಮೀಟರ್ ಬಂದರೆ ಮೂರೂವರೆ ಇಂಚಿನ ರಿಮ್ಮು, 102 ಬಂದರೆ ನಾಲ್ಕು, 114 ಬಂದರೆ ನಾಲ್ಕೂವರೆ. ಹಳೆಯ ಸ್ಪ್ರೈಟ್, ಹೆರಾಲ್ಡ್ ಮತ್ತು ಮೊದಲ ಸ್ಪಿಟ್‌ಫೈರ್‌ಗಳ ಉಕ್ಕಿನ ರಿಮ್ಮು ಮೂರೂವರೆ ಇಂಚಿನದು. ನಂತರದ ಸ್ಪಿಟ್‌ಫೈರ್ 1500ರಲ್ಲಿ ನಾಲ್ಕೂವರೆ.

ಈ ಒಂದು ಅಳತೆ ಬಹಳಷ್ಟನ್ನು ತೀರ್ಮಾನಿಸುತ್ತದೆ. 145/80ರ ಟೈರು (145 ಮಿಲಿಮೀಟರ್ ಅಗಲ, ಪಕ್ಕದ ಗೋಡೆಯ ಅಂದರೆ ಸೈಡ್‌ವಾಲಿನ ಎತ್ತರ ಆ ಅಗಲದ ಶೇ. 80) ಮೂರೂವರೆಯಿಂದ ಐದು ಇಂಚಿನ ರಿಮ್ಮಿನಲ್ಲಿ ಕೂರುತ್ತದೆ, 155/80 ನಾಲ್ಕರಿಂದ ಐದೂವರೆಯಲ್ಲಿ. 175/70ಕ್ಕೆ ಕನಿಷ್ಠ ನಾಲ್ಕೂವರೆ ಬೇಕು. ಮೂರೂವರೆ ಇಂಚಿನ ರಿಮ್ಮಿಗೆ 175 ಏರಿಸಿದರೆ ಟೈರು ಬಲ್ಬಿನಂತೆ ಉಬ್ಬುತ್ತದೆ, ಟ್ರೆಡ್ಡಿನ ನಡುಭಾಗ ಮಾತ್ರ ನೆಲ ಮುಟ್ಟುತ್ತದೆ, ತಿರುವಿನಲ್ಲಿ ಕಾರು ಮೊದಲು ಪಕ್ಕಕ್ಕೆ ವಾಲಿ ಆಮೇಲೆ ತಿರುಗುತ್ತದೆ. ನೋಡಲು ಅಗಲ, ಓಡಿಸಲು ಅಂಬಲಿ.

ರಿಮ್ಮು ಕೈಯಲ್ಲಿರುವಾಗಲೇ ಇನ್ನೆರಡು ಸಂಗತಿ ನೋಡಿಕೊಳ್ಳಿ. ಬೀಡ್ ಕೂರುವ ಜಾಗದ ಒಳಬದಿಯಲ್ಲಿ ಸುತ್ತಲೂ ಒಂದು ಸಣ್ಣ ಏರು ಇದೆಯೇ? ಗಾಳಿ ಕಡಿಮೆಯಾದಾಗ ಬೀಡ್ ಒಳಗೆ ಜಾರದಂತೆ ತಡೆಯುವುದು ಅದೇ. ಅರವತ್ತರ ದಶಕದ ಬಹುತೇಕ ರಿಮ್ಮುಗಳಲ್ಲಿ ಅದಿಲ್ಲ. ಇಲ್ಲದಿದ್ದರೆ, ಟೈರಿನ ಮೇಲೆ ‘ಟ್ಯೂಬ್‌ಲೆಸ್’ ಎಂದು ಬರೆದಿದ್ದರೂ ಒಳಗೆ ಟ್ಯೂಬ್ ಹಾಕಿಯೇ ಓಡಿಸಬೇಕು. ಸೈಕಲ್ಲಿನಂತೆ ಕಡ್ಡಿಗಳಿರುವ ಕಡ್ಡಿಚಕ್ರವಾದರೆ ಈ ಪ್ರಶ್ನೆಯೇ ಇಲ್ಲ, ಟ್ಯೂಬ್ ಬೇಕೇ ಬೇಕು; ಒಂದೊಂದು ಕಡ್ಡಿಯ ತುದಿಯೂ ರಿಮ್ಮಿಗೆ ಒಂದೊಂದು ತೂತು.

ಹಳೆಯ ಸಂಖ್ಯೆಯನ್ನು ಹೊಸ ಸಂಖ್ಯೆಗೆ ತರುವುದು

ಕೈಪಿಡಿಯಲ್ಲಿ 5.20-13 ಎಂದಿದ್ದರೆ ಅದು ಕ್ರಾಸ್‌ಪ್ಲೈ (ಒಳಗಿನ ನೂಲನ್ನು ಓರೆಯಾಗಿ ಹೆಣೆದ ಹಳೆಯ ಬಗೆಯ ಟೈರು) ಕಾಲದ ಅಳತೆ: 5.20 ಇಂಚು ಅಗಲ, 13 ಇಂಚಿನ ರಿಮ್ಮು. ಅದರ ಜಾಗಕ್ಕೆ ರೇಡಿಯಲ್‌ನಲ್ಲಿ (ನೂಲು ನೇರ ಅಡ್ಡಕ್ಕೆ ಹೋಗುವ ಈಗಿನ ಬಗೆ, ಅಳತೆಯಲ್ಲಿ ‘ಆರ್’ ಎಂದರೆ ಇದೇ) ಬರುವುದು 145/80 ಆರ್13 ಅಥವಾ 155/80 ಆರ್13. ‘155 ಎಸ್‌ಆರ್13’ ಎಂದು ಬರೆದಿದ್ದು ನಡುವೆ 80, 70 ಎಂಬ ಅಂಕಿ ಕಾಣದಿದ್ದರೆ ಅದನ್ನು 80ರ ಸರಣಿ ಎಂದೇ ಓದಿಕೊಳ್ಳಿ. ಆಗ ಅದೇ ರೂಢಿಯ ಸರಣಿಯಾದ್ದರಿಂದ ಬರೆಯುತ್ತಿರಲಿಲ್ಲ.

ಬದಲಿ ಅಳತೆ ಹೊಂದುತ್ತದೆಯೇ ಎಂದು ತಿಳಿಯಲು ಹೊರವ್ಯಾಸ ಲೆಕ್ಕ ಹಾಕಬೇಕು. ಮೊಬೈಲಿನ ಕ್ಯಾಲ್ಕುಲೇಟರ್ ಸಾಕು. ಅಗಲವನ್ನು ಶೇಕಡಾದಿಂದ ಗುಣಿಸಿ, ಅದನ್ನು ಇಮ್ಮಡಿಸಿ, ರಿಮ್ಮಿನ ಇಂಚನ್ನು 25.4ರಿಂದ ಗುಣಿಸಿ ಕೂಡಿಸಿ. 155/80 ಆರ್13ಕ್ಕೆ: 155 × 0.80 = 124; ಇಮ್ಮಡಿ 248; 13 × 25.4 = 330; ಒಟ್ಟು 578 ಮಿಲಿಮೀಟರ್. ಇದೇ ಲೆಕ್ಕದಲ್ಲಿ 145/80 ಆರ್13 ಬರುವುದು 562, 175/70 ಆರ್13 ಬರುವುದು 575, 165/70 ಆರ್13 ಬರುವುದು 561. ಮೂಲ ಅಳತೆಗಿಂತ ಶೇ. 3ರ ಒಳಗೆ ಹೆಚ್ಚುಕಡಿಮೆ ಇದ್ದರೆ ತೊಂದರೆಯಿಲ್ಲ.

ಅದರಾಚೆ ಹೋದರೆ ಏನಾಗುತ್ತದೆ? 155/80ರ ಕಾರಿಗೆ ಚೆಂದಕ್ಕೆಂದು 175/60 ಆರ್13 ಹಾಕಿದರೆ ವ್ಯಾಸ 540ಕ್ಕೆ ಇಳಿಯುತ್ತದೆ. ಸ್ಪೀಡೋಮೀಟರ್ 100 ತೋರಿಸುವಾಗ ಕಾರು ಓಡುವುದು 93ರಲ್ಲಿ. ಕಾರು 19 ಮಿಲಿಮೀಟರ್ ಕೆಳಗಿಳಿಯುತ್ತದೆ. ಮೊದಲೇ ನೆಲಕ್ಕೆ ತಾಗುವ ಸೈಲೆನ್ಸರು ಮುಂಬೈಯ ಪ್ರತಿ ಸ್ಪೀಡ್‌ಬ್ರೇಕರಿಗೂ ಉಜ್ಜುತ್ತದೆ. ಐದನೇ ಗೇರು ಇಲ್ಲದ ಎಂಜಿನ್ನು ಹೆದ್ದಾರಿಯಲ್ಲಿ ಇನ್ನೂ ಶೇ. 7ರಷ್ಟು ಹೆಚ್ಚು ತಿರುಗಿ ಒದರುತ್ತದೆ. ಗೇರ್‌ಬಾಕ್ಸ್ ಮತ್ತು ಹಿಂದಿನ ಆಕ್ಸೆಲ್ಲಿನ ಹಲ್ಲುಗಳನ್ನು ತಯಾರಕರು ಎತ್ತರದ ಟೈರಿಗೆಂದೇ ಹೊಂದಿಸಿದ್ದರು.

ಕಿರಿದಾದ ಟೈರನ್ನು ಕೊರತೆ ಎಂದು ನೋಡಬೇಕಾಗಿಲ್ಲ. ಪವರ್ ಸ್ಟೀರಿಂಗ್ ಇಲ್ಲದ ಕಾರಿನಲ್ಲಿ ಕೈಗೆ ರಸ್ತೆಯ ಸುದ್ದಿ ತರುವುದು ಅದೇ. ನಿಂತ ನೀರನ್ನು ಅಗಲದ ಟೈರಿಗಿಂತ ಚೆನ್ನಾಗಿ ಸೀಳುವುದೂ ಅದೇ. ಜೂನಿನಿಂದ ಸೆಪ್ಟೆಂಬರ್‌ವರೆಗೆ ನೀರು ನಿಲ್ಲುವ ಊರಿನಲ್ಲಿ ಇದು ಸಣ್ಣ ಲಾಭವಲ್ಲ.

ಯಾವ ಕಾರಿನ ಟೈರು ಕೇಳಬೇಕು

145/80 ಆರ್13 ಬೇಕಾದರೆ 13 ಇಂಚಿನ ಮಾರುತಿ ಎಸ್-ಪ್ರೆಸ್ಸೊ ಅಥವಾ 2022ರ ನಂತರದ ಆಲ್ಟೊ ಕೆ10ರ ಟೈರು ಎಂದು ಕೇಳಿ. 155/80 ಆರ್13ಕ್ಕೆ ರೆನೋ ಕ್ವಿಡ್‌ನ ಮೊದಲ ಮಾದರಿ, 2019ರ ನಂತರದ 13 ಇಂಚಿನ ವ್ಯಾಗನ್‌ಆರ್. ಇವು ಓಡುವ ಸರಕು. ತಯಾರಾಗಿ ಕೆಲವೇ ತಿಂಗಳಲ್ಲಿ ಅಂಗಡಿಗೆ ಬರುತ್ತವೆ, ಕೂತು ಹಳಸುವುದಿಲ್ಲ. ಎಂಜಿಬಿ ಇರುವವರು ಇನ್ನೂ ಅದೃಷ್ಟವಂತರು. ಅದರ 165 ಆರ್14 ಎಂದರೆ ಈಗಿನ 165/80 ಆರ್14, ಹಳೆಯ ಸ್ವಿಫ್ಟ್ ಮತ್ತು ಡಿಜೈರ್‌ನ ಕೆಳ ಮಾದರಿಗಳಲ್ಲಿ ಬಂದ ಟೈರು. ಎಂಆರ್‌ಎಫ್, ಸಿಯೆಟ್, ಅಪೊಲೊ, ಜೆಕೆ ಇವುಗಳಲ್ಲಿ ಯಾವುದು ಎಂದು ತಲೆ ಕೆಡಿಸಿಕೊಳ್ಳುವುದಕ್ಕಿಂತ, ಆ ದಿನ ಅಂಗಡಿಯಲ್ಲಿ ಯಾವುದು ಹೊಸದು ಎಂದು ನೋಡುವುದು ಜಾಣತನ.

175/70 ಆರ್13 ಹಳೆಯ ಎಸ್ಟೀಮ್‌ನ ಅಳತೆ. ನಾಲ್ಕೂವರೆ ಇಂಚಿನ ರಿಮ್ಮಿನ ಸ್ಪಿಟ್‌ಫೈರ್‌ಗೆ ವ್ಯಾಸದಲ್ಲಿ ಚೆನ್ನಾಗಿ ಹೊಂದುತ್ತದೆ. ಆದರೆ ಎಸ್ಟೀಮ್ ರಸ್ತೆಯಿಂದ ಮರೆಯಾಗುತ್ತಿದೆ, ಟೈರು ನಿಧಾನ ಮಾರಾಟದ್ದು. ಇದನ್ನು ಕೊಳ್ಳುವಾಗ ತಾರೀಖನ್ನು ಎರಡು ಸಲ ನೋಡಿ.

ಮಿನಿಯದು ಬೇರೆ ಕಥೆ. ಅದರ 145/80 ಆರ್10 ನಮ್ಮ ಯಾವ ಕಾರಿನಲ್ಲೂ ಇಲ್ಲ. ಅಂಗಡಿಯಲ್ಲಿ 10 ಇಂಚು ಎಂದರೆ ಸ್ಕೂಟರಿನ 3.50-10 ತಂದಿಡುತ್ತಾರೆ. ದಯವಿಟ್ಟು ಹಾಕಿಸಬೇಡಿ. ಸ್ಕೂಟರು ತಿರುವಿನಲ್ಲಿ ವಾಲುವುದರಿಂದ ಅದರ ಟ್ರೆಡ್ಡು ದುಂಡಗಿರುತ್ತದೆ. ಕಾರು ವಾಲುವುದಿಲ್ಲ, ಟೈರನ್ನು ಪಕ್ಕಕ್ಕೆ ತಳ್ಳುತ್ತದೆ. ಆ ತಳ್ಳನ್ನು ತಡೆಯುವ ಸೈಡ್‌ವಾಲ್ ಸ್ಕೂಟರ್ ಟೈರಿನಲ್ಲಿಲ್ಲ. 1984ರಿಂದ ಮಿನಿಯೇ 12 ಇಂಚಿನ ಚಕ್ರ, 145/70 ಆರ್12 ಟೈರಿಗೆ ಬದಲಾಯಿತು, ಅದು ನಮ್ಮ ಮಾರುತಿ 800ರದ್ದೂ ಹೌದು. ನಿಮ್ಮದು ಆ ಕಾಲದ ಮಿನಿಯಾದರೆ ಕೆಲಸ ಹಗುರ. 10 ಇಂಚಿನದಾದರೆ ಆಮದೇ ದಾರಿ.

ಎಲ್‌ಟಿ ಎಂಬ ಎರಡಕ್ಷರ

ಅತಿ ಹೆಚ್ಚು ಜನ ಬೀಳುವ ಗುಂಡಿ ಇದು. ‘ತೇರಾ ಇಂಚ್, ಏಕ್‌ಸೌ ಪಚ್ಪನ್’ ಎಂದು ಕೇಳಿದರೆ ಥಟ್ಟನೆ ಸಿಗುವುದು 155 ಆರ್13 ಎಲ್‌ಟಿ, 8ಪಿಆರ್. ಎಲ್‌ಟಿ ಎಂದರೆ ಲೈಟ್ ಟ್ರಕ್, 8ಪಿಆರ್ ಎಂದರೆ ಎಂಟು ಪದರದಷ್ಟು ಬಲ; ಈಕೋದಂಥ ಹೊರೆ ಹೊರುವ ವ್ಯಾನುಗಳದು. ಅಳತೆ ಒಂದೇ, ರಿಮ್ಮಿಗೂ ಕೂರುತ್ತದೆ, ಬೆಲೆಯೂ ಸರಿ. ಅಂಗಡಿಯವರು ‘ಸೇಮ್ ಸೈಜ್, ಚಲೇಗಾ, ಔರ್ ಮಜಬೂತ್ ಹೈ’ ಎನ್ನುತ್ತಾರೆ. ಅವರು ಮೋಸ ಮಾಡುತ್ತಿಲ್ಲ. ಹೊರೆಗಾಡಿಗೆ ಅದು ನಿಜವಾಗಿಯೂ ಗಟ್ಟಿ.

ಮಿಡ್ಜೆಟ್‌ಗೆ ಬೇಡವಾದದ್ದೇ ಆ ಗಟ್ಟಿತನ. ಇಬ್ಬರು ಕೂತರೂ ಅದರ ಒಂದೊಂದು ಚಕ್ರದ ಮೇಲೆ ಬೀಳುವುದು 200ರಿಂದ 230 ಕಿಲೋ. ಎಲ್‌ಟಿ ಟೈರಿನ ಸೈಡ್‌ವಾಲ್ ಆ ತೂಕಕ್ಕೆ ಬಾಗುವುದೇ ಇಲ್ಲ. ಹೊಂಡಕ್ಕೆ ಚಕ್ರ ಎಗರುತ್ತದೆ, ಒದ್ದೆ ರಸ್ತೆಯಲ್ಲಿ ಬ್ರೇಕ್ ಒತ್ತಿದರೆ ಲಾಕ್ ಆಗುತ್ತದೆ, ಐವತ್ತು ವರ್ಷದ ಷಾಕ್ ಅಬ್ಸಾರ್ಬರು ಮತ್ತು ಕಡ್ಡಿಗಳು ಪೆಟ್ಟು ತಿನ್ನುತ್ತವೆ.

ಗುರುತಿಸುವುದು ಸುಲಭ. ಸೈಡ್‌ವಾಲ್ ಮೇಲೆ ಅಳತೆಯ ಪಕ್ಕದಲ್ಲಿ ‘155/80 ಆರ್13 79ಟಿ’ ಎಂಬಂಥ ಸಾಲಿದ್ದರೆ ಅದು ಕಾರಿನ ಟೈರು. 79 ಎಂದರೆ ಒಂದು ಟೈರು 437 ಕಿಲೋ ಹೊರಬಲ್ಲದು. ಟಿ ಎಂದರೆ ಗಂಟೆಗೆ 190 ಕಿಲೋಮೀಟರ್‌ವರೆಗೆ. ಎಸ್ ಎಂದಿದ್ದರೆ 180, ಎಚ್ ಎಂದಿದ್ದರೆ 210. ಸ್ಪಿಟ್‌ಫೈರ್, ಮಿಡ್ಜೆಟ್‌ಗಳ ಗರಿಷ್ಠ ವೇಗ 160ರ ಆಸುಪಾಸು. ಎಸ್ ಅಥವಾ ಟಿ ಧಾರಾಳ ಸಾಕು. ಭಾರಸೂಚಿ 74 ಎಂದರೂ 375 ಕಿಲೋ, ಅದೂ ಬೇಕಾದಷ್ಟಾಯಿತು. ‘ಎಲ್‌ಟಿ’, ‘ಸಿ’, ‘8ಪಿಆರ್’ ಕಂಡರೆ ನಮಸ್ಕಾರ ಹೇಳಿ ಮುಂದಿನ ಅಂಗಡಿಗೆ ಹೋಗಿ.

ತಾರೀಖು ಓದುವುದು

ಟೈರಿನ ಸೈಡ್‌ವಾಲ್ ಮೇಲೆ, ಬೀಡಿನ ಹತ್ತಿರ, ಉದ್ದನೆಯ ದುಂಡು ಚೌಕಟ್ಟಿನೊಳಗೆ ನಾಲ್ಕು ಅಂಕಿ ಅಚ್ಚಾಗಿರುತ್ತವೆ. 2324 ಎಂದಿದ್ದರೆ 2024ರ 23ನೇ ವಾರ, ಅಂದರೆ ಜೂನ್. ಮೊದಲ ಎರಡು ವಾರ, ಕೊನೆಯ ಎರಡು ವರ್ಷ. ಇದು ಟೈರಿನ ಒಂದೇ ಬದಿಗೆ ಇರುತ್ತದೆ. ಕಾರಿನಲ್ಲಿರುವ ಟೈರಾದರೆ ಎಷ್ಟೋ ಸಲ ಒಳಬದಿಗೆ ಹೋಗಿರುತ್ತದೆ, ಮೊಬೈಲಿನ ಟಾರ್ಚ್ ಹಿಡಿದು ಕೆಳಗೆ ನುಸುಳಬೇಕಾಗುತ್ತದೆ. ಮೂರೇ ಅಂಕಿ ಕಂಡರೆ ಆ ಟೈರು 2000ನೇ ಇಸವಿಗೂ ಹಿಂದಿನದು. ಆ ಕಾರನ್ನು ಅಲ್ಲಿಂದ ಓಡಿಸಿಕೊಂಡು ಬರಬೇಡಿ, ಟೋ ಮಾಡಿಸಿ.

ಕೊಳ್ಳುವ ನಾಲ್ಕೂ ಟೈರಿನ, ಸ್ಟೆಪ್ನಿಯದೂ ಸೇರಿ ಐದರ ತಾರೀಖನ್ನು ಒಂದೊಂದಾಗಿ ಓದಿ. ಒಂದು ಹೊಸದು ತೋರಿಸಿ ಉಳಿದವನ್ನು ಒಳಗಿನಿಂದ ತರುವುದುಂಟು. ಒಂದು ವರ್ಷದೊಳಗಿನದು ಉತ್ತಮ. ಎರಡು ವರ್ಷ ದಾಟಿದ್ದರೆ ಬೇಡ ಎನ್ನಿ. ಈ ಕಾರುಗಳು ವರ್ಷಕ್ಕೆ ಓಡುವುದು ಒಂದೆರಡು ಸಾವಿರ ಕಿಲೋಮೀಟರ್. ಟ್ರೆಡ್ಡು ಸವೆಯುವ ಮುಂಚೆಯೇ ವಯಸ್ಸು ಮುಗಿಯುತ್ತದೆ. ಹಾಗಾಗಿ ನೀವು ಹಣ ಕೊಡುತ್ತಿರುವುದು ರಬ್ಬರಿಗಲ್ಲ, ಉಳಿದ ವರ್ಷಗಳಿಗೆ.

ಐದು ವರ್ಷವಾದ ಮೇಲೆ ವರ್ಷಕ್ಕೊಮ್ಮೆ ಚಕ್ರ ಬಿಚ್ಚಿ ಒಳಬದಿಯನ್ನೂ ಪರೀಕ್ಷಿಸಬೇಕು. ಹತ್ತು ವರ್ಷ ದಾಟಿದ್ದನ್ನು ಟ್ರೆಡ್ಡು ಎಷ್ಟೇ ಇದ್ದರೂ ಎಸೆಯಬೇಕು. ಬಿಸಿಲು, ಸಮುದ್ರದ ಗಾಳಿ ಇರುವ ನಮ್ಮ ಕರಾವಳಿಗೆ ಆರೇಳು ವರ್ಷವೇ ಸರಿಯಾದ ಗಡುವು ಎಂಬುದು ನಮ್ಮ ಅಂದಾಜು. ಪರೀಕ್ಷೆಗೆ ದೊಡ್ಡ ಸಾಧನ ಬೇಡ: ಟ್ರೆಡ್ಡಿನ ಬ್ಲಾಕಿಗೆ ಹೆಬ್ಬೆರಳಿನ ಉಗುರು ಒತ್ತಿ. ಹೊಸ ರಬ್ಬರಿನಲ್ಲಿ ಗುರುತು ಬಿದ್ದು ನಿಧಾನ ಮಾಯವಾಗುತ್ತದೆ. ಹಳೆಯದರಲ್ಲಿ ಉಗುರೇ ಜಾರುತ್ತದೆ. ಆಮೇಲೆ ಸೈಡ್‌ವಾಲನ್ನು ಎರಡೂ ಹೆಬ್ಬೆರಳಿನಿಂದ ಹಿಗ್ಗಿಸಿ ನೋಡಿ. ಕೂದಲೆಳೆಯ ಬಿರುಕುಗಳು ತೆರೆದುಕೊಂಡರೆ ತೀರ್ಪು ಸಿಕ್ಕಿತು.

ಕುರ್ಲಾದ ಸಿಎಸ್‌ಟಿ ರಸ್ತೆ, ಪುಣೆಯ ಜುನಾ ಬಜಾರ್ ಇಂಥ ಕಡೆ ರಿಮ್ಮು, ಹಬ್‌ಕ್ಯಾಪ್, ಜ್ಯಾಕ್ ಹುಡುಕುವುದು ಒಳ್ಳೆಯ ಉಪಾಯ. ಟೈರು ಮಾತ್ರ ಅಲ್ಲಿ ಬೇಡ. ಹಳೆಯ ಟೈರಿಗೆ ಕಪ್ಪು ಪಾಲಿಶ್ ಬಳಿದರೆ ಬಿರುಕು ಮುಚ್ಚಿಹೋಗುತ್ತದೆ. ಮತ್ತೆ ಗೀರು ಹಾಕಿದ ಟ್ರೆಡ್ಡು ಹೊಸದರಂತೆಯೇ ಕಾಣುತ್ತದೆ.

ಆಮದಿನ ಮಾತು

ಕಾರು ಪ್ರದರ್ಶನಕ್ಕೆ ಹೋಗುವಂಥದ್ದಾಗಿದ್ದು ಆ ಕಾಲದ ಟ್ರೆಡ್ಡೇ ಬೇಕೆಂದಿದ್ದರೆ ಮಿಶೆಲಿನ್ ಎಕ್ಸ್‌ಎಎಸ್, ಪಿರೆಲ್ಲಿ ಚಿಂತುರಾಟೊ ಮಾದರಿಗಳನ್ನು ಆ ಕಂಪನಿಗಳು ಹಳೆಯ ವಿನ್ಯಾಸದಲ್ಲೇ ತಯಾರಿಸುತ್ತವೆ. ಒಳ್ಳೆಯ ಟೈರುಗಳೇ. ಮಿನಿಯವರು ಹುಡುಕಬೇಕಾದದ್ದು 165/70 ಆರ್10ರ ಯೊಕೊಹಾಮಾ ಎ008. ಆದರೆ 2020ರ ಜೂನ್‌ನಿಂದ ಹೊಸ ಟೈರುಗಳ ಆಮದು ‘ನಿರ್ಬಂಧಿತ’ ಪಟ್ಟಿಯಲ್ಲಿದೆ, ವಿದೇಶ ವ್ಯಾಪಾರ ಮಹಾನಿರ್ದೇಶನಾಲಯದ ಅನುಮತಿ ಬೇಕು. ದೇಶದಲ್ಲಿ ಮಾರುವ ಕಾರ್ ಟೈರಿಗೆ ಐಎಸ್‌ಐ ಗುರುತೂ ಕಡ್ಡಾಯ. ಆದ್ದರಿಂದ ಹೊರದೇಶದ ಅಂಗಡಿಗೆ ಹಣ ಕಳಿಸುವ ಮುಂಚೆ ಕಸ್ಟಮ್ಸ್ ಏಜೆಂಟರ ಹತ್ತಿರ ಬಾಯಿಮಾತಲ್ಲ, ಬರಹದಲ್ಲಿ ಉತ್ತರ ಪಡೆಯಿರಿ. ಮುಂಬೈಯ ವಿಂಟೇಜ್ ಅಂಡ್ ಕ್ಲಾಸಿಕ್ ಕಾರ್ ಕ್ಲಬ್ ಆಫ್ ಇಂಡಿಯಾದಂಥ ಸಂಘಗಳ ಸದಸ್ಯರನ್ನು ವಿಚಾರಿಸಿದರೆ ಈ ದಾರಿಯ ಕಷ್ಟ ಮೊದಲೇ ತಿಳಿಯುತ್ತದೆ.

ಹಾಕಿಸುವುದು: ಕಾರು ಬೇಡ, ಚಕ್ರ ಮಾತ್ರ ಒಯ್ಯಿರಿ

ಈ ಕಾರುಗಳ ಜ್ಯಾಕ್ ಇಡುವ ಜಾಗ ತುಕ್ಕು ಹಿಡಿದಿರುವುದೇ ಹೆಚ್ಚು. ಅಂಗಡಿಯ ಹುಡುಗರು ಸಿಕ್ಕಲ್ಲಿ ಜ್ಯಾಕ್ ಕೊಟ್ಟರೆ ಬಾಗಿಲ ಕೆಳಗಿನ ತಗಡಿನ ಪಟ್ಟಿ (ಸಿಲ್) ಒಳಗೆ ಮಡಚಿಕೊಳ್ಳುತ್ತದೆ. ಮನೆಯಲ್ಲೇ ಸ್ಟ್ಯಾಂಡ್ ಮೇಲೆ ಕಾರು ನಿಲ್ಲಿಸಿ, ಎರಡೆರಡು ಚಕ್ರವನ್ನು ಇನ್ನೊಂದು ಕಾರಿನಲ್ಲಿ ಒಯ್ಯಿರಿ. ನಟ್ಟು ಬಿಗಿಯುವ ಗಾಳಿ ಗನ್ನಿನಿಂದಲೂ ಕಾರು ಪಾರಾಗುತ್ತದೆ. ಅದು ಹಳೆಯ ಸಣ್ಣ ಸ್ಟಡ್ಡುಗಳನ್ನು ಹಿಗ್ಗಿಸಿಬಿಡುತ್ತದೆ.

ಹಳೆಯ ಟೈರು ಕಳಚಿದ ಮೇಲೆ ರಿಮ್ಮನ್ನು ಅವಸರದಲ್ಲಿ ಮುಂದಕ್ಕೆ ಕೊಡಬೇಡಿ. ಬೀಡ್ ಕೂರುವ ಜಾಗವನ್ನು ತಂತಿಬ್ರಶ್‌ನಿಂದ ಉಜ್ಜಿ ತುಕ್ಕು ತೆಗೆದು, ಪ್ರೈಮರು ಹಚ್ಚಿ ಒಣಗಿಸಿ. ಗೋವಾದ ಕಾರುಗಳಲ್ಲಿ ನಿಧಾನವಾಗಿ ಗಾಳಿ ಇಳಿಯುವುದಕ್ಕೆ ಪಂಕ್ಚರಿಗಿಂತ ಈ ತುಕ್ಕೇ ದೊಡ್ಡ ಕಾರಣ. ಬ್ಯಾಲೆನ್ಸಿಂಗ್ ಯಂತ್ರದ ಮೇಲೆ ಬರೀ ರಿಮ್ಮನ್ನು ತಿರುಗಿಸಿ, ಅಂಚಿಗೆ ಒಂದು ಮೊಳೆ ತಾಗಿಸಿದಂತೆ ಹಿಡಿದು ನೋಡಿ. ಮೊಳೆಗೂ ಅಂಚಿಗೂ ನಡುವಿನ ಸಂದು 2 ಮಿಲಿಮೀಟರಿಗಿಂತ ಹೆಚ್ಚು ಏರಿಳಿದರೆ ಮೊದಲು ರಿಮ್ಮು ಸರಿಪಡಿಸಿ. ಸೊಟ್ಟ ರಿಮ್ಮನ್ನು ಯಾವ ಸೀಸದ ತುಂಡೂ ನೇರ ಮಾಡದು.

ಕಡ್ಡಿಚಕ್ರವಾದರೆ ರಿಮ್ಮಿನ ಒಳಗೆ ಬೆರಳಾಡಿಸಿ. ನಿಪ್ಪಲಿನಿಂದ ಹೊರಚಾಚಿದ ಕಡ್ಡಿಯ ತುದಿ ಚುಚ್ಚಿದರೆ ಅರದಿಂದ ಮಟ್ಟ ಮಾಡಿ. ಆಮೇಲೆ ಸುತ್ತಲೂ ರಬ್ಬರಿನ ರಿಮ್ ಟೇಪು. ಹಳೆಯ ಟೇಪು ಹರಿದಿದ್ದರೆ ಅಂಗಡಿಯವರು ಇನ್ಸುಲೇಶನ್ ಟೇಪು ಸುತ್ತಿ ಕೊಡುತ್ತಾರೆ. ಚಕ್ರ ಬಿಸಿಯಾದಾಗ ಅದರ ಅಂಟು ಕರಗಿ ಸರಿಯುತ್ತದೆ, ಕಡ್ಡಿಯ ತುದಿ ಟ್ಯೂಬಿಗೆ ತಾಗುತ್ತದೆ. ಹಳೆಯ ಟ್ಯೂಬನ್ನೇ ಉದ್ದಕ್ಕೆ ಕತ್ತರಿಸಿ ಮಾಡಿದ ಪಟ್ಟಿ ಇದಕ್ಕಿಂತ ಎಷ್ಟೋ ಮೇಲು.

ಟ್ಯೂಬು ಟೈರಿನ ಅಳತೆಯದೇ ಇರಬೇಕು, ಅದರ ಮೇಲೆ ‘ರೇಡಿಯಲ್’ ಅಥವಾ ‘ಆರ್’ ಗುರುತಿರಬೇಕು. ದೊಡ್ಡ ಟ್ಯೂಬು ಒಳಗೆ ಮಡಚಿ, ಮಡಿಕೆಯಲ್ಲಿ ಸವೆದು ಸೀಳುತ್ತದೆ. ವಾಲ್ವಿನ ತೂತನ್ನೂ ಅಳೆಯಿರಿ: ಸಾಮಾನ್ಯ ಕಾರಿನ ಟಿಆರ್13 ವಾಲ್ವಿಗೆ ಬೇಕಾದದ್ದು 11.5 ಮಿಲಿಮೀಟರ್, ಟಿಆರ್15ಕ್ಕೆ 16. ದೊಡ್ಡ ತೂತಿನಲ್ಲಿ ಸಣ್ಣ ವಾಲ್ವ್ ಹಾಕಿದರೆ ಅದು ಅಲ್ಲಾಡುತ್ತಾ ಬುಡದಲ್ಲೇ ಕತ್ತರಿಸಿಹೋಗುತ್ತದೆ.

ಟ್ಯೂಬ್‌ಲೆಸ್ ಎಂದು ತಯಾರಾದ ಟೈರಿನ ಒಳಮೈಯಲ್ಲಿ ಸಣ್ಣ ಗೀರುಗಳ ಉಬ್ಬು ಇರಬಹುದು, ಕಾಗದದ ಲೇಬಲ್ಲೂ ಅಂಟಿರಬಹುದು. ಲೇಬಲ್ ಕಿತ್ತು ಹಾಕಿ, ಉಬ್ಬನ್ನು ಮರಳುಕಾಗದದಿಂದ ನಯ ಮಾಡಿ, ಒಳಗೆಲ್ಲ ಟಾಲ್ಕಂ ಪುಡಿ ಉದುರಿಸಿ. ಈ ಹತ್ತು ನಿಮಿಷ ಬಿಟ್ಟರೆ ಐನೂರು ಕಿಲೋಮೀಟರಿನಲ್ಲಿ ಟ್ಯೂಬಿನ ಬೆನ್ನು ಜರಡಿ.

ಟ್ಯೂಬಿಗೆ ಅದರ ಆಕಾರ ಬರುವಷ್ಟು ಮಾತ್ರ ಗಾಳಿ ಹಾಕಿ ಒಳಗಿಡಿ. ಬೀಡನ್ನು ವಾಲ್ವಿನ ಎದುರು ಬದಿಯಿಂದ ಇಳಿಸಲು ಶುರುಮಾಡಿ, ವಾಲ್ವಿನ ಹತ್ತಿರ ಮುಗಿಸಿ. ಇಳಿದ ಭಾಗವನ್ನು ರಿಮ್ಮಿನ ನಡುವಿನ ತಗ್ಗಿಗೆ ಒತ್ತಿ ಹಿಡಿದರೆ ಕೊನೆಯ ತುಂಡು ಕೈಯಲ್ಲೇ ಹತ್ತುತ್ತದೆ. ಅದು ಬಿಗಿಯಾಗಿ ಸನ್ನೆಕೋಲಿನಿಂದ ಎಳೆಯಬೇಕಾಗಿದ್ದರೆ ಎದುರುಬದಿ ತಗ್ಗಿನಿಂದ ಮೇಲೆದ್ದಿದೆ ಎಂದೇ ಅರ್ಥ. ಅಲ್ಲೇ ಟ್ಯೂಬು ಚಿವುಟಿಹೋಗುವುದು.

ನಂತರ 30–35 ಪಿಎಸ್‌ಐವರೆಗೆ ಗಾಳಿ ತುಂಬಿ. ಎರಡು ಸಲ ‘ಟಪ್’ ಎಂಬ ಸದ್ದು ಬರುತ್ತದೆ, ಒಂದೊಂದು ಬದಿಯ ಬೀಡ್ ಕೂತದ್ದು. 40ರಾಚೆಗೆ ಯಾವ ಕಾರಣಕ್ಕೂ ಹೋಗಬೇಡಿ. ಕೂರದಿದ್ದರೆ ಗಾಳಿ ಬಿಟ್ಟು ಬೀಡಿಗೆ ಸೋಪಿನ ನೀರು ಹಚ್ಚಿ ಮತ್ತೆ ಪ್ರಯತ್ನಿಸಿ. ಟೈರಿನ ಮೇಲೆ ರಿಮ್ಮಿಗೆ ಸಮೀಪ ಒಂದು ತೆಳು ಗೆರೆ ಸುತ್ತಲೂ ಇರುತ್ತದೆ. ಅದು ರಿಮ್ಮಿನಿಂದ ಎಲ್ಲೆಡೆ ಒಂದೇ ದೂರದಲ್ಲಿರಬೇಕು. ಈಗ ವಾಲ್ವಿನ ಪಿನ್ ತೆಗೆದು ಗಾಳಿಯನ್ನು ಪೂರ್ತಿ ಬಿಡಿ, ಮತ್ತೆ ತುಂಬಿ. ಮೊದಲ ಸಲ ಒಳಗೆ ಸುಕ್ಕಾಗಿ ಸಿಕ್ಕಿಕೊಂಡ ಟ್ಯೂಬು ಎರಡನೇ ಸಲ ಬಿಡಿಸಿಕೊಳ್ಳುತ್ತದೆ. ಅಂಗಡಿಯಲ್ಲಿ ಇದನ್ನು ತಾವಾಗಿ ಮಾಡುವವರು ಕಡಿಮೆ, ಕೇಳಿ ಮಾಡಿಸಿ.

ಕಡ್ಡಿಚಕ್ರದ ಬ್ಯಾಲೆನ್ಸಿಂಗಿಗೆ ಯಂತ್ರದ ಸಾಮಾನ್ಯ ಕೋನ್ ಹೊಂದುವುದಿಲ್ಲ. ಚಕ್ರವು ಹಬ್ಬಿನ ಮೇಲೆ ಕೂರುವುದು ಒಳಗಿನ ಇಳಿಜಾರು ಅಂಚಿನಲ್ಲಿ. ಯಂತ್ರದ ಮೇಲೂ ಅಲ್ಲೇ ಕೂರಬೇಕು. ಆ ಅಳತೆಯ ಕೋನ್ ಇಲ್ಲದ ಅಂಗಡಿಯಲ್ಲಿ ಮಾಡಿಸಿದ ಬ್ಯಾಲೆನ್ಸಿಂಗ್ ಮಾಡಿಸದಿರುವುದಕ್ಕಿಂತ ಕೆಟ್ಟದ್ದು. ಮನೆಗೆ ಬಂದು ಹಾಕುವಾಗ ಹಬ್ಬಿನ ಹಲ್ಲುಗಳಿಗೆ ಗ್ರೀಸ್ ಹಚ್ಚಿ, ನಡುವಿನ ನಟ್ಟನ್ನು ತಾಮ್ರದ ಸುತ್ತಿಗೆಯಿಂದ ಬಿಗಿಮಾಡಿ, ಐವತ್ತು ಕಿಲೋಮೀಟರ್ ಓಡಿಸಿ ಮತ್ತೊಮ್ಮೆ ಬಡಿಯಿರಿ.

ಒಂದು ಕಡೆ ರೇಡಿಯಲ್, ಇನ್ನೊಂದು ಕಡೆ ಕ್ರಾಸ್‌ಪ್ಲೈ ಹಾಕುವುದಿದ್ದರೆ ಬೇಡ. ತಾತ್ಕಾಲಿಕವಾಗಿ ಎರಡೇ ರೇಡಿಯಲ್ ಸಿಕ್ಕಿದ್ದರೆ ಅವು ಹಿಂದಕ್ಕೇ ಹೋಗಬೇಕು. ಮುಂದೆ ಹಿಡಿತ ಹೆಚ್ಚಿ ಹಿಂದೆ ಕಡಿಮೆಯಾದರೆ ತಿರುವಿನಲ್ಲಿ ಕಾರಿನ ಹಿಂಭಾಗ ಸುತ್ತಿ ಬರುತ್ತದೆ. ಒಂದೇ ಆಕ್ಸೆಲ್ಲಿನಲ್ಲಿ ಎರಡು ಬಗೆಯನ್ನು ಬೆರೆಸಲೇಬಾರದು.

ಗಾಳಿ ಎಷ್ಟು

ಗಾಳಿ ಹಾಕುವವರು ಕೇಳದೇ 32 ತುಂಬುತ್ತಾರೆ. ಮಿಡ್ಜೆಟ್‌ನ ರೇಡಿಯಲ್‌ಗಳಿಗೆ ಕೈಪಿಡಿ ಹೇಳುವುದು ಮುಂದೆ 22, ಹಿಂದೆ 24. ಎಂಜಿಬಿಗೆ 21 ಮತ್ತು 24, ಸ್ಪಿಟ್‌ಫೈರ್ 1500ಕ್ಕೆ 21 ಮತ್ತು 26. ಇಷ್ಟು ಹಗುರ ಕಾರಿಗೆ 32 ತುಂಬಿದರೆ ಟ್ರೆಡ್ಡಿನ ನಡುಪಟ್ಟಿ ಮಾತ್ರ ನೆಲದ ಮೇಲೆ. ಸ್ಟೀರಿಂಗ್ ಚುರುಕಾದಂತೆ ಅನಿಸುತ್ತದೆ, ಹಿಡಿತ ಮಾತ್ರ ಹೋಗಿರುತ್ತದೆ. ಆದರೆ ಗಾಳಿ ತೀರಾ ಕಡಿಮೆಯಾದರೆ ನಿಂತ ನೀರಿನ ಮೇಲೆ ಟೈರು ಬೇಗ ತೇಲುತ್ತದೆ, ನಮ್ಮ ಹೊಂಡಗಳಿಗೆ ರಿಮ್ಮೂ ಬಗ್ಗುತ್ತದೆ. ಕೈಪಿಡಿಯ ಸಂಖ್ಯೆಗೆ ಎರಡು ಪಿಎಸ್‌ಐ ಸೇರಿಸಿ ಶುರುಮಾಡಿ, ಹಿಂದೆ ಮುಂದಕ್ಕಿಂತ ಕೈಪಿಡಿಯಲ್ಲಿರುವಷ್ಟೇ ಹೆಚ್ಚಿರಲಿ. ಮಳೆಗಾಲಕ್ಕೂ ಹೆದ್ದಾರಿಗೂ ಇನ್ನೆರಡು ಸೇರಿಸಬಹುದು.

ಅಳೆಯುವುದು ತಣ್ಣಗಿರುವಾಗ, ಬೆಳಿಗ್ಗೆ, ನಿಮ್ಮದೇ ಮೀಟರಿನಿಂದ. ಸುಮಾರು ಐದೂವರೆ ಡಿಗ್ರಿ ಉಷ್ಣಾಂಶ ಏರಿದರೆ ಒಂದು ಪಿಎಸ್‌ಐ ಏರುತ್ತದೆ. ಪುಟ್ಟ ಚಕ್ರ ಹೆಚ್ಚು ಸಲ ಸುತ್ತುವುದರಿಂದ ಹೆಚ್ಚು ಬಿಸಿಯಾಗುತ್ತದೆ: 155/80 ಆರ್13 ಒಂದು ಕಿಲೋಮೀಟರಿಗೆ 550ರ ಆಸುಪಾಸು ಸುತ್ತು ಹಾಕಿದರೆ, ಈಗಿನ 205/55 ಆರ್16 ಸುಮಾರು 500. ಮುಂಬೈ-ಪುಣೆ ದಾರಿಯ ಬೋರ್ ಘಾಟ್ ಇಳಿಯುವಾಗ ಬ್ರೇಕ್ ಡ್ರಮ್ಮಿನ ಕಾವು ರಿಮ್ಮಿಗೂ ಬರುತ್ತದೆ. ಘಟ್ಟದ ಬುಡದ ಖೋಪೋಲಿಯಲ್ಲಿ ನಿಲ್ಲಿಸಿ, ಮೀಟರು ನೋಡಿ, ‘ಜಾಸ್ತಿಯಾಯಿತು’ ಎಂದು ಗಾಳಿ ಬಿಡುವವರಿದ್ದಾರೆ. ತಣ್ಣಗಾದ ಮೇಲೆ ಅದೇ ಟೈರು ಅರೆಗಾಳಿಯಲ್ಲಿ ಓಡುತ್ತದೆ. ಬಿಸಿ ಟೈರಿನಿಂದ ಗಾಳಿ ಬಿಡಬಾರದು.

ಹೊಸ ಟೈರಿನ ಮೈಮೇಲೆ ಅಚ್ಚಿನಿಂದ ಬಿಡಿಸಲು ಹಚ್ಚಿದ ಜಾರು ಪದರ ಇರುತ್ತದೆ. ಮೊದಲ 150–200 ಕಿಲೋಮೀಟರ್ ಒಣ ರಸ್ತೆಯಲ್ಲಿ ಮೆಲ್ಲಗೆ ಓಡಿಸಿ. ಅಂದರೆ ಟೈರು ಬದಲಾಯಿಸಲು ಮೇ ತಿಂಗಳೇ ಸರಿ, ಜುಲೈ ಅಲ್ಲ. ಅಲೈನ್‌ಮೆಂಟಿಗೆ ಹೋಗುವಾಗ ವರ್ಕ್‌ಶಾಪ್ ಕೈಪಿಡಿಯ ಟೋ-ಇನ್ (ಮುಂದಿನ ಚಕ್ರಗಳು ಎಷ್ಟು ಒಳಮುಖವಾಗಿರಬೇಕೆಂಬ ಅಳತೆ) ಪುಟದ ಫೋಟೊ ಒಯ್ಯಿರಿ. ಅಂಗಡಿಯ ಕಂಪ್ಯೂಟರಿನಲ್ಲಿ ಸ್ಪ್ರೈಟ್ ಹೆಸರು ಸಿಗದಿದ್ದರೆ ಅವರು ಯಾವುದೋ ಮಾರುತಿಯ ಅಂಕಿ ಹಾಕಿ ಕಳಿಸಿಬಿಡುತ್ತಾರೆ.

ಕಾನೂನು ಕೇಳುವ ಕನಿಷ್ಠ ಟ್ರೆಡ್ಡು 1.6 ಮಿಲಿಮೀಟರ್. ಮಳೆಗಾಲಕ್ಕೆ 3ಕ್ಕಿಂತ ಕಡಿಮೆ ಇಟ್ಟುಕೊಂಡು ಹೊರಡಬೇಡಿ. ಕಾರು ತಿಂಗಳುಗಟ್ಟಲೆ ನಿಲ್ಲುವುದಾದರೆ ಗಾಳಿಯನ್ನು 35ಕ್ಕೆ ಏರಿಸಿ, ಹದಿನೈದು ದಿನಕ್ಕೊಮ್ಮೆ ಅರ್ಧ ಸುತ್ತು ತಳ್ಳಿ. ಇಲ್ಲದಿದ್ದರೆ ನೆಲ ಮುಟ್ಟಿದ ಜಾಗ ಚಪ್ಪಟೆಯಾಗಿ ಓಡುವಾಗ ದಡದಡ ಎನ್ನುತ್ತದೆ. ಓಡಿಸುವ ದಿನ ಗಾಳಿ ಮತ್ತೆ ಇಳಿಸುವುದನ್ನು ಮರೆಯಬೇಡಿ.

ಸ್ಟೆಪ್ನಿಯ ಬಗ್ಗೆ ಒಂದು ಮಾತು. ನಾಲ್ಕು ಹೊಸ ಟೈರು ಹಾಕಿಸಿ ಡಿಕ್ಕಿಯಲ್ಲಿ ಇಪ್ಪತ್ತು ವರ್ಷದ ಐದನೆಯದನ್ನು ಹಾಗೇ ಬಿಡುವುದು ಬಹಳ ಕಡೆ ಕಾಣುತ್ತದೆ. ಪುಣೆಯಿಂದ ಬೆಳಗಾವಿಗೋ, ಗೋವಾದಿಂದ ಚೋರ್ಲಾ ಘಾಟ್ ಹತ್ತಿ ಊರಿಗೋ ಹೊರಟಾಗ ಕೈ ಕೊಡುವುದು ಅದೇ. ಐದನೆಯದನ್ನೂ ಹೊಸದೇ ಹಾಕಿಸಿ. ಟ್ಯೂಬ್ ಇರುವ ಚಕ್ರಕ್ಕೆ ಬತ್ತಿ ತುರುಕುವ ಟ್ಯೂಬ್‌ಲೆಸ್ ಪಂಕ್ಚರ್ ಕಿಟ್ ಕೆಲಸಕ್ಕೆ ಬರುವುದಿಲ್ಲ. ಅದರ ಬದಲು ಸರಿಯಳತೆಯ ಒಂದು ಹೊಸ ಟ್ಯೂಬು, ಒಂದು ಡಬ್ಬಿ ಟಾಲ್ಕಂ, ಎರಡು ವಾಲ್ವ್ ಪಿನ್, ಕಡ್ಡಿಚಕ್ರದ ಕಾರಾದರೆ ತಾಮ್ರದ ಸುತ್ತಿಗೆ ಡಿಕ್ಕಿಯಲ್ಲಿರಲಿ. ಘಟ್ಟದ ಬುಡದ ಪಂಕ್ಚರ್ ಅಂಗಡಿಯಲ್ಲಿ ಕೆಲಸ ಬಲ್ಲವರು ಸಿಕ್ಕಾರು, 13 ಇಂಚಿನ ಟ್ಯೂಬು ಸಿಗದು.